ಮೀಟರು ಯಾರ ತೊಡೆಯ ಮೇಲೆ

ಅವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಅವನು ಕೆಟ್ಟವನಲ್ಲ. ನನಗೆ ಒಂದು ದಿನವೂ ಅನ್ಯಾಯ ಮಾಡಿದವನಲ್ಲ. ನಾನು ಜ್ವರ ಬಂದು ಮಲಗಿದಾಗ ನಮ್ಮ ಓಣಿಯ ತನಕ ಬಂದು ನೋಡಿ ಹೋದವನು. ಆದರೂ ಆಗುವುದಿಲ್ಲ. ಅವನು ನಕ್ಕರೂ ಹೊಟ್ಟೆ ಉರಿಯುತ್ತದೆ, ಸುಮ್ಮನೆ ಕುಳಿತರೂ ಉರಿಯುತ್ತದೆ.

ನಾವಿಬ್ಬರೂ ಕಲಬುರಗಿಯ ಶಹಾಬಜಾರದಲ್ಲಿ, ಒಂದು ಸಂದಿಯೊಳಗಿನ ರೇಡಿಯೋ ದುರಸ್ತಿ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ಅಂಗಡಿ ಉಸ್ತಾದರದು. ನಿಜಾಮರ ಕಾಲದಿಂದ ರೇಡಿಯೋ ರಿಪೇರಿ ಮಾಡಿಕೊಂಡು ಬಂದ ಮುದುಕರು. ನಾನು ಮೊದಲು ಸೇರಿದವನು. ನನ್ನ ಅಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಹಮಾಲ, ತೊಗರಿ ಚೀಲ ಹೊರುತ್ತಾನೆ. ನಿಜಾಮರ ಕಾಲದಲ್ಲಿ ಶಾಲೆಯೆಂದರೆ ಉರ್ದು, ನನ್ನನ್ನೂ ಅಲ್ಲಿಗೇ ಹಾಕಿದ್ದ. ಮೂರನೇ ಇಯತ್ತೆಗೆ ಬಿಟ್ಟೆ. ಕನ್ನಡ ಅಕ್ಷರ ಅಂಗಡಿಗಳ ಬೋರ್ಡು ನೋಡಿ ಕಲಿತದ್ದು. ಅವನು ಆಮೇಲೆ ಬಂದ. ಮ್ಯಾಟ್ರಿಕ್ ಪಾಸು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಅವನಪ್ಪ ಪೂಜೆಗೆ ಹೋಗುವವರು. ನಾನು ಅವನನ್ನು ಮ್ಯಾಟ್ರಿಕ್ ಎಂದೇ ಕರೆಯುತ್ತಿದ್ದೆ. ಅವನು ನನ್ನನ್ನು ಸಲಾಕಿ ಅನ್ನುತ್ತಿದ್ದ, ಯಾಕೆಂದರೆ ಬೆಸುಗೆ ಹಾಕುವ ಸಲಾಕೆ ಯಾವಾಗಲೂ ನನ್ನ ಕೈಯಲ್ಲೇ ಇರುತ್ತಿತ್ತು.

ಅದೇ ನನ್ನ ಸಂಕಟ. ನನ್ನ ಕೈಯಲ್ಲಿ ಸಲಾಕೆ, ಅವನ ಕೈಯಲ್ಲಿ ಮೀಟರು.

ಅಂಗಡಿಯಲ್ಲಿ ಮೀಟರು ಒಂದೇ ಇತ್ತು. ಸಾಗುವಾನಿ ಪೆಟ್ಟಿಗೆ, ಒಳಗೆ ಕರಿಯ ಡಬ್ಬಿ, ಗಾಜಿನ ಕೆಳಗೆ ಕೂದಲಿನಂಥ ಮುಳ್ಳು. ಕರೆಂಟು ಎಲ್ಲಿದೆ, ಎಲ್ಲಿಲ್ಲ, ಎಷ್ಟಿದೆ ಅಂತ ಅದು ಹೇಳುತ್ತದೆ. ಮೀಟರು ಹಿಡಿದವನು ಮೆಕ್ಯಾನಿಕ್. ಸಲಾಕೆ ಹಿಡಿದವನು ಅವನು ಹೇಳಿದಲ್ಲಿ ಸುಡುವವನು. ಉಸ್ತಾದರ ಕಣ್ಣಿಗೆ ಮೋತಿಬಿಂದು ಬಂದು, ಪೊರೆ ಕಟ್ಟಿ, ಮುಳ್ಳು ಕಾಣದಂತಾಗಿತ್ತು. ಹಾಗಾಗಿ ಮೀಟರು ಬೇರೆ ಯಾರದಾದರೂ ತೊಡೆಯ ಮೇಲೆ ಇರಬೇಕಾಯಿತು. ಮ್ಯಾಟ್ರಿಕ್ ಬಂದ ವಾರದಲ್ಲೇ ಅದು ಅವನ ತೊಡೆಯ ಮೇಲೆ ಕುಳಿತಿತು.

ನಿಜಾಮರ ರಾಜ್ಯಕ್ಕೆ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆದ ದಿನಗಳಲ್ಲಿ ಉಸ್ತಾದರು ಬಾಗಿಲು ಹಾಕಿಕೊಂಡು ಮನೆಯೊಳಗೇ ಇದ್ದರು. ಆಗ ಅವರಂಥ ಮುಸಲ್ಮಾನರು ಹೊರಗೆ ಬರುವ ಹಾಗಿರಲಿಲ್ಲ. ಊರೊಳಗೆ ಯಾರು ಯಾವಾಗ ಏನು ಮಾಡುತ್ತಾರೋ ತಿಳಿಯುತ್ತಿರಲಿಲ್ಲ. ನಾನು ಹಿತ್ತಲ ಬಾಗಿಲಿನಿಂದ ರೊಟ್ಟಿ ಒಯ್ದು ಕೊಡುತ್ತಿದ್ದೆ, ನೀರು ತುಂಬಿಸಿ ಬರುತ್ತಿದ್ದೆ. ಅಂಗಡಿಯ ಕೀಲಿ ನನ್ನ ಉಡದಾರದಲ್ಲಿತ್ತು. ಆಗ ಮ್ಯಾಟ್ರಿಕ್ ಎಲ್ಲಿದ್ದ? ಅವನ ಹೆಸರೂ ನಮಗೆ ಗೊತ್ತಿರಲಿಲ್ಲ. ಎಲ್ಲ ತಣ್ಣಗಾದ ಮೇಲೆ, ಅಂಗಡಿ ಮತ್ತೆ ತೆರೆದ ಮೇಲೆ, ತಲೆ ಬಾಚಿಕೊಂಡು ಬಂದ. ಅವನು ಮೀಟರಿನ ಪೆಟ್ಟಿಗೆ ತೆರೆದಾಗಲೆಲ್ಲ ನನಗೆ ಆ ಹಿತ್ತಲ ಬಾಗಿಲು ನೆನಪಾಗುತ್ತಿತ್ತು.

ಆಮೇಲಿನ ಬೇಸಿಗೆಯಲ್ಲಿ ಕಮಲಾಪುರದ ಡಾಕ್ಟರ್ ಹೇಳಿ ಕಳಿಸಿದರು. ಅವರಿಗೆ ಒಂದು ಷೋಕಿ. ಸ್ವಂತ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ತಮ್ಮಂಥದೇ ಷೋಕಿ ಇದ್ದವರ ಸಂಗಡ ದೂರ ದೂರದ ಊರುಗಳಿಗೆ ಮಾತಾಡುವುದು. ರಜಾಕಾರರ ಗಲಾಟೆಯ ವರ್ಷ ಅಂಥ ಪೆಟ್ಟಿಗೆ ಮನೆಯಲ್ಲಿ ಸಿಕ್ಕರೆ ತಲೆ ಉಳಿಯುತ್ತಿರಲಿಲ್ಲ. ಹಾಗಾಗಿ ಅದನ್ನು ಹಗೇವಿನಲ್ಲಿ ಹುಗಿದಿದ್ದರು. ನಮ್ಮ ಕಡೆ ಅಂಗಳದಲ್ಲಿ ಆಳವಾಗಿ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಾರಲ್ಲ, ಅದು ಹಗೇವು. ಜೋಳದ ಅಡಿಯಲ್ಲಿ ಟ್ರಾನ್ಸ್‌ಮಿಟರ್. ಈಗ ಭಯ ಹೋಗಿತ್ತು, ಲೈಸೆನ್ಸೂ ಮತ್ತೆ ಸಿಕ್ಕಿತ್ತು. ಪೆಟ್ಟಿಗೆ ಮೇಲೆ ಬಂದಿತ್ತು. ಆದರೆ ಮಾತಾಡುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಉಸ್ತಾದರು ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದರು.

"ಇದು ನನ್ನ ಕಡೀ ಕೆಲಸ. ಕಣ್ಣು ಕಾಣವಲ್ದು. ಬಂದ ಮ್ಯಾಲ ಮೀಟರ್ ನಿಮ್ಮಿಬ್ಬರಾಗ ಒಬ್ಬರ ಕೈಯಾಗ ಕೊಟ್ಟು ಮನ್ಯಾಗ ಕೂಡ್ತೇನಿ. ಅಂಗಡಿ ಅವನೇ ನಡಸಲಿ."

ಯಾರ ಕೈಯಲ್ಲಿ ಅಂತ ಹೇಳಲಿಲ್ಲ.

ಬಸ್ಸಿನಲ್ಲಿ ಮೀಟರು ಅವನ ತೊಡೆಯ ಮೇಲಿತ್ತು. ಮಗುವನ್ನು ಹಿಡಿದಂತೆ ಹಿಡಿದಿದ್ದ. ನನ್ನ ಕಾಲ ಹತ್ತಿರ ಸಾಮಾನಿನ ಚೀಲ. ಉಸ್ತಾದರು ನಡುವೆ ಕುಳಿತು ತೂಕಡಿಸುತ್ತಿದ್ದರು. ತಗ್ಗು ಬಂದಾಗಲೆಲ್ಲ ಅವರ ತಲೆ ನನ್ನ ಹೆಗಲಿಗೆ ಬೀಳುತ್ತಿತ್ತು. ಅದು ಅವನ ಕಡೆ ಬೀಳಲಿಲ್ಲ ಅನ್ನುವುದನ್ನೂ ನಾನು ಗಮನಿಸಿದೆ. ಹೊಟ್ಟೆಕಿಚ್ಚು ಹಿಡಿದವನಿಗೆ ಇಂಥವೆಲ್ಲ ಕಾಣುತ್ತವೆ.

ಡಾಕ್ಟರ ಮನೆ ಹಳೆಯ ವಾಡೆ. ಬಾಗಿಲ ಪಕ್ಕದಲ್ಲೇ ದವಾಖಾನೆಯ ಕೋಣೆ, ಅದರ ಬಾಗಿಲು ಅಂಗಳಕ್ಕೆ. ಅಲ್ಲಿಗೆ ಎಲ್ಲ ಜಾತಿಯ ರೋಗಿಗಳೂ ಬರುತ್ತಿದ್ದರು. ಟ್ರಾನ್ಸ್‌ಮಿಟರ್ ಅಲ್ಲೇ ಮೇಜಿನ ಮೇಲಿತ್ತು. ಅಂಗಳದಾಚೆ ಪಡಸಾಲೆ, ಅದರಾಚೆ ಅಡುಗೆಮನೆ. ಅಲ್ಲಿಗೆ ನಾನು ಹೋಗುವಂತಿರಲಿಲ್ಲ. ಉಸ್ತಾದರೂ ಹೋಗುವಂತಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಊರಿಗೆ ಲೈಟು ಬಂದಿರಲಿಲ್ಲ. ಮಿಲಿಟರಿ ಲಿಲಾವಿನಲ್ಲಿ ತಂದ ಪೆಟ್ರೋಲ್ ಜನರೇಟರೊಂದನ್ನು ಡಾಕ್ಟರು ಅಂಗಳದಲ್ಲಿ ನಿಲ್ಲಿಸಿದ್ದರು. ಪೆಟ್ರೋಲು ರೇಷನ್ನಿನದು. ನೋಡಬೇಕಾದ್ದನ್ನು ಯೋಚನೆ ಮಾಡಿ ಇಟ್ಟುಕೊಂಡು ಆಮೇಲೆ ಜನರೇಟರ್ ಚಾಲೂ ಮಾಡಬೇಕು, ನೋಡಿ ಮುಗಿದ ಕೂಡಲೇ ಬಂದ್ ಮಾಡಬೇಕು.

ಟ್ರಾನ್ಸ್‌ಮಿಟರ್ ಎಂದರೆ ರೇಡಿಯೋದ ಉಲ್ಟಾ. ರೇಡಿಯೋ ಕೇಳುತ್ತದೆ, ಇದು ಹೇಳುತ್ತದೆ. ಬಲ್ಬಿನಂಥ ಗಾಜಿನ ವಾಲ್ವುಗಳಲ್ಲಿ ಮೊದಲಿನ ಸಣ್ಣದು ತೆಳ್ಳನೆಯ ದನಿ ಹುಟ್ಟಿಸುತ್ತದೆ. ಕೊನೆಯ ದೊಡ್ಡ ವಾಲ್ವು ಅದನ್ನು ಜೋರು ಮಾಡಿ ಏರಿಯಲ್ ತಂತಿಗೆ ತಳ್ಳುತ್ತದೆ. ಈ ಕೊನೆಯದಕ್ಕೆ ಫೈನಲ್ ಅನ್ನುತ್ತಾರೆ. ದೊಡ್ಡ ವಾಲ್ವು ಎತ್ತಿನ ಹಾಗೆ, ಬಿಟ್ಟರೆ ನುಗ್ಗುತ್ತದೆ. ಅದಕ್ಕೇ ಒಂದು ಬ್ಯಾಟರಿಯಿಂದ ಉಲ್ಟಾ ಕರೆಂಟು ಕೊಟ್ಟು ಮೂಗುದಾರ ಹಾಕಿರುತ್ತಾರೆ. ಸಣ್ಣ ವಾಲ್ವು ಚುಚ್ಚಿದಾಗ ಮಾತ್ರ ಅದು ಎಳೆಯಬೇಕು, ಇಲ್ಲದಿದ್ದರೆ ಸುಮ್ಮನೆ ನಿಲ್ಲಬೇಕು.

ಏರಿಯಲ್ ತಂತಿಯ ಬದಲು ಒಂದು ಬಲ್ಬು ಹಾಕಿದೆವು. ಫೈನಲ್ ಸರಿಯಿದ್ದರೆ ಬಲ್ಬು ಹತ್ತುತ್ತದೆ. ಉಸ್ತಾದರು ಕೆಲಸ ಹಂಚಿದರು. ಮುಳ್ಳು ಮ್ಯಾಟ್ರಿಕ್ ನೋಡಬೇಕು. ನಾನು ದೊಡ್ಡ ವಾಲ್ವಿನ ಒಳಗಿನ ಪ್ಲೇಟು ನೋಡಬೇಕು, ಕೆಂಪಾದರೆ ಕೂಗಬೇಕು. ಕೈ ಹಾಕುವಾಗ ಒಂದು ಕೈ ಬೆನ್ನ ಹಿಂದೆ ಇರಬೇಕು. ಎರಡೂ ಕೈ ಹಾಕಿದರೆ ಕರೆಂಟು ಎದೆಯ ಮೇಲಿಂದ ಹೋಗುತ್ತದೆ, ಆಮೇಲೆ ಡಾಕ್ಟರು ಪಕ್ಕದಲ್ಲೇ ಇದ್ದರೂ ಉಪಯೋಗವಿಲ್ಲ.

ಜನರೇಟರ್ ಗುರುಗುಟ್ಟಿತು. ಟಾರ್ಚಿನ ಬಲ್ಬಿಗೆ ತಂತಿಯ ಬಳೆ ಕಟ್ಟಿ ಸಣ್ಣ ವಾಲ್ವಿನ ತಂತಿಸುರುಳಿಯ ಬಳಿ ಹಿಡಿದೆ. ಹತ್ತಿತು. ಮೊದಲ ವಾಲ್ವು ಜೀವಂತ. ಆಮೇಲೆ ಫೈನಲ್ಲಿಗೆ ಕರೆಂಟು ಕೊಟ್ಟರು. ಏರಿಯಲ್ ಜಾಗದ ಬಲ್ಬು ಹತ್ತಲಿಲ್ಲ. ವಾಲ್ವಿನ ಪ್ಲೇಟು ಮಾತ್ರ ಒಲೆಯ ಕೆಂಡದ ಹಾಗೆ ಕೆಂಪಾಗುತ್ತ ಬಂತು. ನಾನು ಕೂಗಿದೆ. ಡಾಕ್ಟರು ಓಡಿ ಬಂದ್ ಮಾಡಿದರು.

ವಾಲ್ವೇ ಹೋಗಿದೆ ಎಂದು ನಾವು ತಂದಿದ್ದ ಬೇರೆ ವಾಲ್ವು ಹಾಕಿದೆವು. ಅದೂ ಕೆಂಪು. ಸಣ್ಣ ವಾಲ್ವಿನ ಕ್ರಿಸ್ಟಲ್ ಕಿತ್ತಿಟ್ಟು ಹುಟ್ಟುವ ದನಿಯನ್ನೇ ನಿಲ್ಲಿಸಿದೆವು. ಆಗಲೂ ಕೆಂಪು. ಚುಚ್ಚುವವರು ಯಾರೂ ಇಲ್ಲದೆ ಎತ್ತು ತಾನಾಗಿಯೇ ನುಗ್ಗುತ್ತಿತ್ತು.

"ಮೂಗುದಾರ ಹರದದ" ಎಂದರು ಉಸ್ತಾದರು.

ಬ್ಯಾಟರಿ ಹಳೆಯದು ಎಂದು ಹೊಸದು ಹಾಕಿದೆವು. ಬ್ಯಾಟರಿಯ ಬಳಿ ಅಳೆದರೆ ಪೂರಾ ಇದೆ ಎಂದ ಮ್ಯಾಟ್ರಿಕ್. ವಾಲ್ವಿನ ಕಾಲಲ್ಲಿ ಅಳೆದರೆ ಏನೇನೂ ಇಲ್ಲ. ಎಲ್ಲಿಂದಲೋ ಸೀದಾ ಕರೆಂಟು ಬಂದು ಉಲ್ಟಾ ಕರೆಂಟನ್ನು ತಿಂದುಹಾಕುತ್ತಿತ್ತು. ಅದು ಬರುವ ದಾರಿ ಒಂದೇ. ಸಣ್ಣ ವಾಲ್ವಿಗೂ ದೊಡ್ಡ ವಾಲ್ವಿಗೂ ನಡುವೆ ಇರುವ ಕಂಡೆನ್ಸರ್. ಅದು ದನಿಯನ್ನು ಬಿಡಬೇಕು, ಕರೆಂಟನ್ನು ತಡೆಯಬೇಕು. ಅದೇ ಸೋರುತ್ತಿದೆ ಎಂದು ಮೂವರೂ ಒಪ್ಪಿದೆವು.

ನಾನು ಪೆಟ್ಟಿಗೆಯನ್ನು ಮಗುಚಿ ಹಾಕಿ ಕಂಡೆನ್ಸರ್ ಬಿಡಿಸಿ ಕೊಟ್ಟೆ. ಅದು ಒಂದು ಕಂದು ಪಟ್ಟಿಯ ಮೇಲೆ ಕುಳಿತಿತ್ತು. ಮ್ಯಾಟ್ರಿಕ್ ಅಳೆದ. ಮುಳ್ಳು ಅಲುಗಲಿಲ್ಲ. ಒಂದಿಷ್ಟೂ ಸೋರುತ್ತಿಲ್ಲ ಎಂದ. ನಾನು ನಂಬಲಿಲ್ಲ.

"ಮತ್ತೊಮ್ಮೆ ನೋಡು" ಎಂದೆ.

"ನೋಡ್ದೆ ಸಲಾಕಿ. ಚೊಲೋ ಅದ."

"ನಂಗ ತೋರ್ಸು."

"ನೀ ಏನ್ ನೋಡ್ತಿ ಅದ್ರಾಗ? ಮುಳ್ಳು ಉರ್ದುದಾಗ ಬರದಿಲ್ಲ."

ಡಾಕ್ಟರು ನಕ್ಕರು. ಉಸ್ತಾದರೂ ಮೀಸೆಯಲ್ಲೇ ನಕ್ಕರು. ಆ ನಗು ಈಗಲೂ ನನಗೆ ಕೇಳಿಸುತ್ತದೆ. ಅಂಕಿ ನನಗೂ ಬರುತ್ತಿತ್ತು, ಅವನ ಹೆಗಲ ಮೇಲಿಂದ ಇಣುಕಿ ಇಣುಕಿ ಕಲಿತಿದ್ದೆ. ಆದರೆ ಅದನ್ನು ಹೇಳುವ ಜಾಗ ಅದಾಗಿರಲಿಲ್ಲ. ಕಂಡೆನ್ಸರನ್ನು ವಾಪಸ್ಸು ಅದೇ ಜಾಗದಲ್ಲಿ ಬೆಸೆದೆ. ಜನರೇಟರ್ ಚಾಲೂ. ಪ್ಲೇಟು ಕೆಂಪು.

ಹೊರಗಿಟ್ಟರೆ ಸೋರುವುದಿಲ್ಲ, ಒಳಗಿಟ್ಟರೆ ಸೋರುತ್ತದೆ. ಮೂವರಿಗೂ ತಲೆ ಓಡಲಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಯಿತು. ಡಾಕ್ಟರ ತಾಯಿ ಬಾಗಿಲಿಗೆ ಬಂದು ಮರಾಠಿಯಲ್ಲಿ ಮ್ಯಾಟ್ರಿಕ್‌ನನ್ನು ಕರೆದರು. ನಮ್ಮ ಕಡೆಯ ಮರಾಠಿ ಬ್ರಾಹ್ಮಣರ ಮನೆಗಳಲ್ಲಿ ತಾಯಿಗೆ ಆಯಿ ಅನ್ನುತ್ತಾರೆ. ಅವನೂ ಬಂದ ಗಳಿಗೆಯಿಂದ ಆಯಿ, ಆಯಿ ಅಂತ ಶುರು ಮಾಡಿದ್ದ. ಅಂಗಿ ಬಿಚ್ಚಿ ಕೈಕಾಲು ತೊಳೆದುಕೊಂಡು ತನ್ನ ಮನೆಯೇ ಅನ್ನುವ ಹಾಗೆ ಒಳಗೆ ಹೋದ. ಮೀಟರನ್ನು ಮಾತ್ರ ದವಾಖಾನೆಯ ಕಪಾಟಿನಲ್ಲಿಟ್ಟು ಹೋದ. ನನ್ನ ಕೈಯಲ್ಲಿ ಕೊಟ್ಟು ಹೋಗಬಹುದಿತ್ತು.

ಉಸ್ತಾದರಿಗೂ ನನಗೂ ಅಂಗಳದ ಬೇವಿನ ಕಟ್ಟೆಯ ಮೇಲೆ ಎಲೆ ಹಾಕಿದರು. ರೊಟ್ಟಿ, ಬದನೆಕಾಯಿ ಎಣಗಾಯಿ, ಕೆಂಪು ಬಾಳೆಹಣ್ಣು. ಊಟ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಉಸ್ತಾದರು ಹಣ್ಣು ಸುಲಿಯುತ್ತ, ಇಂಥ ಕೆಂಪು ಬಾಳೆ ಈ ಊರಿನ ಮಣ್ಣಿನಲ್ಲಿ ಬಿಟ್ಟರೆ ಬೇರೆಲ್ಲೂ ಈ ರುಚಿ ಬರುವುದಿಲ್ಲ ಎಂದರು. ನಾನು ಹೂಂ ಎಂದೆ. ನನ್ನ ಕಿವಿ ಒಳಗಿತ್ತು. ಒಳಗಿನಿಂದ ಅವನ ನಗು, ಆಯಿಯ ನಗು, ಮತ್ತೆ ಅವನ ನಗು. ಮರಾಠಿ ನನಗೆ ಅರ್ಧ ತಿಳಿಯುತ್ತದೆ, ಆದರೆ ಅಷ್ಟು ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ನಗು ಮಾತ್ರ ಬರುತ್ತಿತ್ತು.

ಅವನು ಬಾಯಿ ಒರೆಸಿಕೊಳ್ಳುತ್ತ ಓಡಿಬಂದ. ಅಂಗಿಯನ್ನೂ ಹಾಕಿಕೊಂಡಿರಲಿಲ್ಲ.

"ಉಸ್ತಾದ್‌ರ, ಆಯಿ ಪೆಟಗಿಗಿ ಬೂದಿ ಹಚ್ಯಾರ್ರೀ. ಹರಳೆಣ್ಣ್ಯಾಗ ಕಲಸಿ. ಬೀಜದ ತೊಗರಿಗಿ ಹಚ್ಚದಂಗ."

ಆದದ್ದು ಇಷ್ಟು. ಹಗೇವಿಗೆ ಇಳಿಸುವ ಮುಂಚೆ ಆಯಿ ಪೆಟ್ಟಿಗೆಯನ್ನು ನೋಡಿದ್ದರು. ಒಳಗಿನ ತಂತಿಗಳ ಮೇಲೆ ಅರಿವೆಯ ಹೊದಿಕೆ ಇತ್ತು. ಅದನ್ನು ಹುಳ ತಿನ್ನುತ್ತದೆ ಎಂದು ಅವರಿಗೆ ಚಿಂತೆಯಾಯಿತು. ಬೀಜಕ್ಕೆ ಇಡುವ ತೊಗರಿಗೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಬೂದಿ ಜರಡಿ ಹಿಡಿದು ಹರಳೆಣ್ಣೆಯಲ್ಲಿ ಕಲಸಿ, ಬೆರಳು ಹೋದಲ್ಲೆಲ್ಲ ಸವರಿದರು. ಮಗನಿಗೆ ಹೇಳಲಿಲ್ಲ. ಹೇಳುವಂಥ ಸಂಗತಿ ಎಂದು ಅನಿಸಿರಲೂ ಇಲ್ಲ. ಮೇಲೆ ತೆಗೆದಾಗ ಕೈಗೆ ಸಿಕ್ಕಷ್ಟು ಒರೆಸಿ ಕೊಟ್ಟಿದ್ದರು. ಈಗ ಅನ್ನ ಬಡಿಸುತ್ತ, ತಾವು ಅಷ್ಟು ಜೋಪಾನ ಮಾಡಿದ್ದರಿಂದಲೇ ಒಂದು ಹುಳವೂ ಮುಟ್ಟಿಲ್ಲ, ನೋಡು ಮಗಾ ಎಂದು ಹೇಳಿಕೊಂಡು ನಕ್ಕಿದ್ದರು.

ಹಗೇವಿನ ತೇವ ಕುಡಿದ ಬೂದಿಯಲ್ಲಿ ಕರೆಂಟು ಹರಿಯುತ್ತದೆ. ಕಂಡೆನ್ಸರ್ ಸೋರುತ್ತಿರಲಿಲ್ಲ. ಅದು ಕುಳಿತ ಪಟ್ಟಿ ಸೋರುತ್ತಿತ್ತು. ಆ ಪಟ್ಟಿಯ ಕಂದು ಬಣ್ಣವನ್ನು ನಾನು ವಾರ್ನಿಷ್ ಎಂದುಕೊಂಡಿದ್ದೆ. ಅದು ಬೂದಿ ಮತ್ತು ಹರಳೆಣ್ಣೆ ಒಣಗಿ ಕೂತ ಬಣ್ಣ.

ಬೀಜದ ತೊಗರಿಗೆ ಬೂದಿ ಹಚ್ಚುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಅವ್ವ ವರ್ಷವೂ ಹಚ್ಚುತ್ತಾಳೆ. ಅವಳ ಸಂಗಡ ಕೂತು ನಾನೇ ಕಲಸಿ ಕೊಟ್ಟಿದ್ದೇನೆ. ಮ್ಯಾಟ್ರಿಕ್ ಮನೆಯಲ್ಲಿ ತೊಗರಿ ಬೇಳೆಯಾಗಿ ಬರುತ್ತದೆ. ಆಯಿಯ ಆ ಒಂದು ಮಾತು ನನ್ನ ಕಿವಿಗೆ ಬಿದ್ದಿದ್ದರೆ ನಾನೂ ಆ ಕ್ಷಣವೇ ಎದ್ದು ಓಡುತ್ತಿದ್ದೆ. ಮಾತು ಅಡುಗೆಮನೆಯಲ್ಲಿ ಬಿತ್ತು. ನಾನು ಬೇವಿನ ಕೆಳಗಿದ್ದೆ.

ಉಸ್ತಾದರು ಶಾಬಾಶ್ ಎಂದರು. ನನಗಲ್ಲ.

ಆಮೇಲಿನ ಕೆಲಸ ನನ್ನ ಕೈಯದು. ಡಾಕ್ಟರ ಬಾಟಲಿಯಿಂದ ಸ್ಪಿರಿಟ್ ಕೇಳಿ ತೊಗೊಂಡು, ಹತ್ತಿ ಸುತ್ತಿದ ಕಡ್ಡಿಯಿಂದ ಸಂದುಸಂದು ಒರೆಸಿದೆ. ಆ ಪಟ್ಟಿಯನ್ನು ಕತ್ತರಿಸಿ ಬಿಸಾಕಿ ಕಂಡೆನ್ಸರನ್ನು ಗಾಳಿಯಲ್ಲೇ, ಯಾವುದಕ್ಕೂ ತಾಗದ ಹಾಗೆ, ನೆಟ್ಟಗೆ ಬೆಸೆದೆ. ಒರೆಸಿದ ಹತ್ತಿಯೆಲ್ಲ ಕಂದಾಯಿತು. ಮ್ಯಾಟ್ರಿಕ್ ಪಕ್ಕದಲ್ಲಿ ನಿಂತು, ಇಲ್ಲೊಂದಿಷ್ಟು ಉಳಿದಿದೆ, ಅಲ್ಲೊಂದಿಷ್ಟು ಉಳಿದಿದೆ ಎಂದು ಬೆರಳು ತೋರಿಸುತ್ತಿದ್ದ. ಉಳಿದಿತ್ತು, ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು.

ಜನರೇಟರ್ ಚಾಲೂ ಆಯಿತು. ವಾಲ್ವಿನ ಕಾಲಲ್ಲಿ ಮೂಗುದಾರ ಪೂರಾ ಬಂದಿದೆ ಎಂದ ಮ್ಯಾಟ್ರಿಕ್. ಪ್ಲೇಟು ಕಪ್ಪಗೇ ಉಳಿಯಿತು. ಕ್ರಿಸ್ಟಲ್ ಹಾಕಿ, ಡಾಕ್ಟರು ಗುಂಡಿ ತಿರುಗಿಸುತ್ತ ಹೋದರು. ಮುಳ್ಳು ಇಳಿಯಿತು ಎಂದ ಅವನು. ಅದೇ ಹೊತ್ತಿಗೆ ಬಲ್ಬು ಹತ್ತಿತು. ಮೊದಲು ಕೆಂಪಗೆ, ಆಮೇಲೆ ಹಳದಿ, ಆಮೇಲೆ ಕಣ್ಣು ಕುಕ್ಕುವಷ್ಟು ಬಿಳಿ. ಆಯಿ ಪಡಸಾಲೆಯಿಂದಲೇ ನೋಡಿ ಕೈಮುಗಿದರು. ಮೋತಿಬಿಂದಿನ ಕಣ್ಣಿಗೂ ಅದು ಕಂಡಿರಬೇಕು, ಉಸ್ತಾದರು ಬಲ್ಬಿನ ಕಡೆ ಮುಖ ಮಾಡಿ ಬಹಳ ಹೊತ್ತು ಕುಳಿತರು. ನನಗೂ ಖುಷಿಯಾಯಿತು. ಬೆಳಕು ಮ್ಯಾಟ್ರಿಕ್ ಮುಖದ ಮೇಲೆ ಬಿದ್ದದ್ದು ನೋಡಿದೆ, ಖುಷಿ ಹೋಯಿತು.

ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದೆವು. ಡಾಕ್ಟರು ಮ್ಯಾಟ್ರಿಕ್‌ನನ್ನು ಸ್ವಲ್ಪ ದೂರ ಕರೆದೊಯ್ದು ಮಾತಾಡುತ್ತಿದ್ದರು, ಮುಂದಿನ ಸಲ ಬಂದಾಗ ಇಲ್ಲೇ ಇದ್ದು ಹೋಗು ಅನ್ನುವಂಥದ್ದೇನೋ. ಉಸ್ತಾದರು ನನ್ನ ಕೈ ಹಿಡಿದು ಹೇಳಿದರು.

"ಬೇಟಾ, ಮೀಟರ್ ಅವನಿಗಿ ಕೊಡ್ತೇನಿ."

ನಾನು ಸಾಮಾನಿನ ಚೀಲ ಕೆಳಗಿಟ್ಟೆ.

"ಕೈ ನಿಂದು ಚೊಲೋ. ನಂಗ ಗೊತ್ತದ. ಆದ್ರ ರೇಡಿಯೋ ಇರೋದು ಯಾರ ಮನ್ಯಾಗ? ವಕೀಲ್ರ ಮನ್ಯಾಗ, ಡಾಕ್ಟರ್ ಮನ್ಯಾಗ, ದೇಸಾಯರ ಮನ್ಯಾಗ. ಅವನಿಗಿ ಒಳಗ ಕರೀತಾರ. ನಿಂಗ ನಂಗ ಅಂಗಳ. ನಾ ಇಷ್ಟು ವರ್ಷ ಅಂಗಳದಾಗ ಕುಂತೇ ರಿಪೇರಿ ಮಾಡ್ದೆ. ಒಳಗಿನ ಮಾತು ಎಷ್ಟು ತಪ್ಪಿತೋ, ಯಾರಿಗಿ ಗೊತ್ತು."

"ಆ ಗದ್ದಲದಾಗ ರೊಟ್ಟಿ ತಂದಾಂವ ನಾ ಇದ್ದೆ" ಎಂದೆ. ಅಷ್ಟು ದಿನ ಬಾಯಿಗೆ ಬಂದಿರಲಿಲ್ಲ, ಆಗ ಬಂತು.

"ಹೌದು. ಅದಕ್ಕ ನಿಂಗ ನಿಜ ಹೇಳಾಕತ್ತೀನಿ. ಅವನಿಗಿ ಹೇಳೂದಿಲ್ಲ. ಅವ ತನ್ನ ಹುಷಾರಿ ಅಂತ ತಿಳ್ಕೊಂಡಿರಲಿ."

ಬಸ್ಸು ಬಂತು. ಮೀಟರು ಅವನ ತೊಡೆಯ ಮೇಲೆ ಕುಳಿತಿತು. ಈ ಸಲ ಅದು ಅವನದೇ.

ನಿಜ ಹೇಳಿದ್ದಕ್ಕೆ ಉಸ್ತಾದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ನಿಜದಿಂದ ನನ್ನ ಉರಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅವನು ನನಗಿಂತ ಹುಷಾರು ಅಂದಿದ್ದರೆ ನಾನೂ ಹುಷಾರಾಗಬಹುದಿತ್ತು, ಕಲಿಯಬಹುದಿತ್ತು. ಅಡುಗೆಮನೆಯ ಹೊಸ್ತಿಲು ದಾಟುವುದನ್ನು ಯಾವ ಅಂಗಡಿಯಲ್ಲಿ ಕಲಿಯುವುದು?

ಉಸ್ತಾದರು ಈಗ ಮನೆಯಲ್ಲೇ ಇರುತ್ತಾರೆ. ಕಣ್ಣು ಪೂರಾ ಹೋಗಿದೆ. ಶುಕ್ರವಾರ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ. ಅಂಗಡಿ ಮ್ಯಾಟ್ರಿಕ್ ನಡೆಸುತ್ತಾನೆ, ಚೆನ್ನಾಗಿಯೇ ನಡೆಸುತ್ತಾನೆ. ದಿನಾ ಮುಂಜಾನೆ ಮೀಟರು ಹಿಡಿದು ಯಾರದಾದರೂ ಮನೆಗೆ ಹೋಗುತ್ತಾನೆ. ನಾನು ಅಂಗಡಿಯಲ್ಲಿ ಸಲಾಕೆ ಕಾಯಿಸಿಕೊಂಡು ಇರುತ್ತೇನೆ.

ಹೋದ ತಿಂಗಳು ಕಮಲಾಪುರದ ಡಾಕ್ಟರು ತಾವೇ ಜೀಪಿನಲ್ಲಿ ಟ್ರಾನ್ಸ್‌ಮಿಟರ್ ತಂದರು. ಫೈನಲ್ ಮತ್ತೆ ಕೆಟ್ಟು ಕೂತಿದೆಯಂತೆ. ನಾನು ಕೆಳಗಿಳಿಸಿಕೊಂಡು ಮೇಜಿನ ಮೇಲಿಟ್ಟೆ. ಮಗುಚಿ ನೋಡಿದರೆ ನಾನು ಗಾಳಿಯಲ್ಲಿ ಬೆಸೆದ ಕಂಡೆನ್ಸರ್ ಹಾಗೇ ನೆಟ್ಟಗೆ ನಿಂತಿತ್ತು.

"ಈ ಸಲ ಎಲ್ಲಿ ಇಟ್ಟಿದ್ರೀ? ಆಯಿ ಏನರ ಹಚ್ಯಾರೇನ್ರೀ?" ಎಂದು ಮೊದಲು ಅದನ್ನೇ ಕೇಳಿದೆ.

ಅವರು ನಕ್ಕು, ಮ್ಯಾಟ್ರಿಕ್ ಎಲ್ಲಿ ಎಂದರು.

"ವಕೀಲ್ರ ಮನೀಗಿ ಹೋಗ್ಯಾನ್ರೀ. ಒಳಗ ಕುಂತಿರ್ತಾನ."

ಬಿಚ್ಚಿ ನೋಡಲೇ ಎಂದು ಕೇಳಿದೆ. ಬೇಡ, ಅವನು ಬರಲಿ, ಕಾಯುತ್ತೇನೆ ಎಂದರು. ಅಂಗಡಿಯ ಹೊರಗೆ, ಬೀದಿಯ ಅಂಚಿಗೆ, ಗಿರಾಕಿಗಳಿಗೆಂದು ಹಾಕಿದ ಹಲಗೆಯ ಮೇಲೆ ಕುಳಿತರು. ನಾನು ಎರಡು ಚಹಾ ಹೇಳಿ, ಅದೇ ಹಲಗೆಯ ಇನ್ನೊಂದು ತುದಿಯಲ್ಲಿ ಕುಳಿತೆ. ಬಿಸಿಲು ನಮ್ಮಿಬ್ಬರ ಕಾಲಿಗೂ ಬಂತು. ಅವನು ಇನ್ನೂ ಒಳಗೇ ಇದ್ದ.